ಸೇನೆ ವಾಪಸ್ ಯಾವಾಗ? ಒಂದು ತಾರೀಕಿಗಾಗಿ ಅಮೆರಿಕದ ಪಕ್ಷಗಳು ಯಾಕಿಷ್ಟು ಜಗಳವಾಡುತ್ತವೆ

ಇರಾಕ್‌ನಲ್ಲಿ ಅಮೆರಿಕ ನೇತೃತ್ವದ ಮಿತ್ರಪಡೆಗಳ ಕಾರ್ಯಾಚರಣೆಯನ್ನು ಎರಡು ಹಂತಗಳಲ್ಲಿ ಮುಗಿಸುವುದಾಗಿ ಎರಡೂ ಸರ್ಕಾರಗಳು 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದವು. ಮೊದಲ ಹಂತಕ್ಕೆ 2025ರ ಸೆಪ್ಟೆಂಬರ್, ಎರಡನೆಯದಕ್ಕೆ 2026ರ ಸೆಪ್ಟೆಂಬರ್. ಇರಾಕ್ ಯುದ್ಧ ಶುರುವಾದದ್ದು 2003ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ ದಾಟಿದರೂ 'ಸೇನೆ ಹೊರಡುವ ದಿನ' ಇನ್ನೂ ಸುದ್ದಿಯಲ್ಲಿದೆ. ಈ ನಡುವೆ ಇಂಥ ಎಷ್ಟೋ ತಾರೀಕುಗಳು ಬಂದು ಹೋಗಿವೆ. ಕೆಲವನ್ನು ಸಂಸತ್ತು ಬರೆದಿತ್ತು, ಕೆಲವನ್ನು ಅಧ್ಯಕ್ಷರು ಬರೆದಿದ್ದರು. ಒಂದನ್ನು ಇರಾಕ್ ಸರ್ಕಾರವೇ ಹಟ ಹಿಡಿದು ಬರೆಸಿಕೊಂಡಿತ್ತು.

ಯುದ್ಧ ಬೇಡ ಅಂದರೆ ಸೇನೆ ವಾಪಸ್ ಕರೆಸಿದರಾಯಿತು, ಅದಕ್ಕೆ ಇಷ್ಟು ಗಲಾಟೆ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಈ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಯಾವಾಗ ಹೊರಡಬೇಕು ಎನ್ನುವುದು ಒಂದು. ಅದನ್ನು ಹೇಳುವ ಅಧಿಕಾರ ಯಾರದು ಎನ್ನುವುದು ಇನ್ನೊಂದು. ಎರಡನೆಯ ಪ್ರಶ್ನೆ ಅರ್ಥವಾಗದಿದ್ದರೆ ಮೊದಲನೆಯದೂ ಅರ್ಥವಾಗುವುದಿಲ್ಲ. ಇವೆರಡೂ ಅತಿ ಜೋರಾಗಿ ಡಿಕ್ಕಿ ಹೊಡೆದದ್ದು 2007ರಲ್ಲಿ. ಹಾಗಾಗಿ ಆ ವರ್ಷದ ಕಥೆಯನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಡುವಿನಲ್ಲೂ ಗಟ್ಟಿ, ಮೆದು ಇದೆ

'ಈ ದಿನದ ನಂತರ ಯುದ್ಧಕ್ಕೆ ಹಣವಿಲ್ಲ' ಎಂದು ಕಾನೂನಿನಲ್ಲಿ ಬರೆದರೆ ಅದು ಗಟ್ಟಿ ಗಡುವು. 'ಈ ಹೊತ್ತಿಗೆ ಮುಗಿಸುವ ಗುರಿ ಇದೆ' ಎಂದು ಬರೆದರೆ ಮೆದು ಗಡುವು. ತಪ್ಪಿದರೂ ಯಾರೂ ಕಾನೂನು ಮುರಿದಂತಾಗುವುದಿಲ್ಲ.

ಇನ್ನೊಂದು ಬಗೆಯಲ್ಲಿ ತಾರೀಕೇ ಇರುವುದಿಲ್ಲ, ಷರತ್ತು ಇರುತ್ತದೆ. ಅಲ್ಲಿನ ಪೊಲೀಸರು ತಯಾರಾಗಲಿ, ಚುನಾವಣೆ ನಡೆಯಲಿ, ಆಮೇಲೆ ಹೊರಡುತ್ತೇವೆ ಅನ್ನುವುದು. ಗಡುವನ್ನು ವಿರೋಧಿಸುವವರು ಸಾಮಾನ್ಯವಾಗಿ ಇದನ್ನೇ ಕೇಳುತ್ತಾರೆ.

ಯಾರು ಹೊರಡಬೇಕು ಎನ್ನುವುದನ್ನೂ ನೋಡಬೇಕು. 'ಸೇನೆ ವಾಪಸ್' ಎಂದು ತಲೆಬರಹ ಬಂದರೂ ಒಳಗೆ ಓದಿದರೆ ಹೆಚ್ಚಿನ ಸಲ ಕಾದಾಡುವ ತುಕಡಿಗಳು ಮಾತ್ರ ವಾಪಸಾಗುತ್ತಿರುತ್ತವೆ. ತರಬೇತಿ ಕೊಡುವವರು, ರಾಯಭಾರ ಕಚೇರಿ ಕಾಯುವವರು, ಉಗ್ರರ ಮೇಲೆ ದಾಳಿ ಮಾಡುವ ಸಣ್ಣ ತಂಡಗಳು ಅಲ್ಲೇ ಉಳಿಯುತ್ತವೆ.

ದುಡ್ಡು ಒಬ್ಬರ ಕೈಯಲ್ಲಿ, ದಂಡು ಇನ್ನೊಬ್ಬರ ಕೈಯಲ್ಲಿ

ಅಮೆರಿಕದ ಸಂಸತ್ತಿನ ಹೆಸರು ಕಾಂಗ್ರೆಸ್. ನಮ್ಮ ಪಕ್ಷದ ಹೆಸರಿನ ಜೊತೆ ಗೊಂದಲವಾಗಬಾರದು ಎಂದು ಇಲ್ಲಿ ಸಂಸತ್ತು ಎಂದೇ ಕರೆಯುತ್ತೇನೆ. ಅದರಲ್ಲಿ ಎರಡು ಮನೆ. 435 ಸದಸ್ಯರ ಪ್ರತಿನಿಧಿ ಸಭೆ ಮತ್ತು 100 ಸದಸ್ಯರ ಸೆನೆಟ್.

ಅಲ್ಲಿನ ಸಂವಿಧಾನ ಯುದ್ಧದ ಅಧಿಕಾರವನ್ನು ಬೇಕೆಂದೇ ಎರಡು ಪಾಲು ಮಾಡಿದೆ. ಯುದ್ಧ ಘೋಷಿಸುವುದು, ಅದಕ್ಕೆ ಹಣ ಕೊಡುವುದು ಸಂಸತ್ತಿನ ಕೆಲಸ. ಸೇನೆಯ ಸರ್ವೋಚ್ಚ ದಂಡನಾಯಕ ಮಾತ್ರ ಅಧ್ಯಕ್ಷ. ಮನೆ ಕಟ್ಟಿಸುವುದನ್ನು ನೆನಪಿಸಿಕೊಳ್ಳಿ. ಕಂತು ಕಂತಾಗಿ ದುಡ್ಡು ಕೊಡುವವರು ಮನೆಯ ಯಜಮಾನರು. ಕೆಲಸದವರನ್ನು ಎಲ್ಲಿ ನಿಲ್ಲಿಸಬೇಕು, ಇವತ್ತು ಯಾವ ಗೋಡೆ ಏಳಬೇಕು ಎಂದು ತೀರ್ಮಾನಿಸುವವನು ಮೇಸ್ತ್ರಿ. ಕೆಲಸ ಹಿಡಿಸದಿದ್ದರೆ ಯಜಮಾನರು ಮುಂದಿನ ಕಂತು ತಡೆಹಿಡಿಯಬಹುದು. ಆದರೆ ಅಷ್ಟರಲ್ಲಿ ಗೋಡೆ ಅರ್ಧ ಎದ್ದಿರುತ್ತದೆ, ಸೂರು ಬಿದ್ದಿರುವುದಿಲ್ಲ. ಕಂತು ನಿಲ್ಲಿಸಿದರೆ ನಷ್ಟ ಯಾರಿಗೆ? ಯುದ್ಧದಲ್ಲಿ ಈ ಪ್ರಶ್ನೆ ಇನ್ನೂ ಕಠಿಣ. ರಣರಂಗದಲ್ಲಿರುವ ಹುಡುಗರಿಗೆ ದುಡ್ಡು ನಿಲ್ಲಿಸಿದರು ಎಂಬ ಮಾತು ಬಂದರೆ ಮುಂದಿನ ಚುನಾವಣೆಯಲ್ಲಿ ಉತ್ತರ ಹೇಳುವುದು ಕಷ್ಟ. ಹಾಗಾಗಿ ಅಧಿಕಾರ ಇದ್ದರೂ ಸಂಸತ್ತು ಅದನ್ನು ಬಳಸಲು ಹಿಂಜರಿಯುತ್ತದೆ.

ಇದಕ್ಕೆ ವೀಟೊ ಬೇರೆ ಸೇರಿಕೊಳ್ಳುತ್ತದೆ. ಸಂಸತ್ತು ಪಾಸು ಮಾಡಿದ ಮಸೂದೆಯನ್ನು ಅಧ್ಯಕ್ಷರು ಸಹಿ ಹಾಕದೆ ತಿರಸ್ಕರಿಸಬಹುದು. ಅದನ್ನು ಮೀರಬೇಕಾದರೆ ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ ಮತ ಬೇಕು. ಅಂದರೆ ಅಧ್ಯಕ್ಷರ ಪಕ್ಷದವರೇ ದೊಡ್ಡ ಸಂಖ್ಯೆಯಲ್ಲಿ ಅವರ ವಿರುದ್ಧ ನಿಲ್ಲಬೇಕು.

ನಮ್ಮಲ್ಲಿ ಇಂಥ ಜಗಳ ಕಾಣಸಿಗದು. ಲೋಕಸಭೆಯಲ್ಲಿ ಬಹುಮತ ಇದ್ದವರೇ ಸರ್ಕಾರ ನಡೆಸುತ್ತಾರೆ, ಪ್ರಧಾನಿಯೂ ಅವರಲ್ಲೊಬ್ಬರು. ಅಮೆರಿಕದಲ್ಲಿ ಅಧ್ಯಕ್ಷ ಒಂದು ಪಕ್ಷ, ಸಂಸತ್ತು ಇನ್ನೊಂದು ಪಕ್ಷ ಆಗುವುದು ಮಾಮೂಲು. 2007ರಲ್ಲಿ ಆದದ್ದೂ ಅದೇ.

2007ರಲ್ಲಿ ನಡೆದದ್ದು

ಇರಾಕ್ ಮೇಲೆ ಸೇನೆ ಬಳಸಲು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರಿಗೆ ಸಂಸತ್ತು ಅನುಮತಿ ಕೊಟ್ಟದ್ದು 2002ರ ಅಕ್ಟೋಬರ್‌ನಲ್ಲಿ. ಪ್ರತಿನಿಧಿ ಸಭೆಯಲ್ಲಿ 296–133, ಸೆನೆಟ್‌ನಲ್ಲಿ 77–23. ಬುಷ್ ಅವರ ರಿಪಬ್ಲಿಕನ್ ಪಕ್ಷವಷ್ಟೇ ಅಲ್ಲ, ಎದುರಾಳಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್, ಜೋ ಬೈಡನ್ ಕೂಡ ಹೌದು ಎಂದಿದ್ದರು. ಆ ಅನುಮತಿಯಲ್ಲಿ ಮುಗಿಯುವ ದಿನವೇ ಇರಲಿಲ್ಲ. ನಂತರದ ಗಲಾಟೆಯ ಬೇರು ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಒಳಗೆ ಹೋಗಲು ಬಾಗಿಲು ತೆರೆದವರು ಹೊರಗೆ ಬರುವ ಮಾತನ್ನು ಆಗ ಬರೆಯಲಿಲ್ಲ.

ಸದ್ದಾಂ ಹುಸೇನ್ ಸರ್ಕಾರ ಬೇಗನೆ ಬಿತ್ತು. ದೇಶ ಮಾತ್ರ ತಣ್ಣಗಾಗಲಿಲ್ಲ. 2006ರ ಫೆಬ್ರುವರಿಯಲ್ಲಿ ಸಮಾರಾ ಊರಿನ ಶಿಯಾಗಳ ಪವಿತ್ರ ಮಸೀದಿಯನ್ನು ಸ್ಫೋಟಿಸಿದ ಮೇಲೆ ಶಿಯಾ–ಸುನ್ನಿ ಹತ್ಯೆಗಳು ಹದ್ದು ಮೀರಿದವು. ಅಮೆರಿಕದ ಜನ ಬೇಸತ್ತರು. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಎರಡೂ ಮನೆಗಳು ಡೆಮಾಕ್ರಟರ ಕೈಗೆ ಬಂದವು. ಡಿಸೆಂಬರ್‌ನಲ್ಲಿ ಜೇಮ್ಸ್ ಬೇಕರ್ ಮತ್ತು ಲೀ ಹ್ಯಾಮಿಲ್ಟನ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಅದರಲ್ಲಿ ಎರಡೂ ಪಕ್ಷಗಳವರಿದ್ದರು. ಪರಿಸ್ಥಿತಿ ಕೂಡಿಬಂದರೆ 2008ರ ಮೊದಲ ಮೂರು ತಿಂಗಳ ಹೊತ್ತಿಗೆ ಕಾದಾಡುವ ತುಕಡಿಗಳನ್ನು ಹೊರತರಬಹುದು ಎಂದು ಆ ವರದಿ ಹೇಳಿತು.

ಬುಷ್ ತದ್ವಿರುದ್ಧ ದಾರಿ ಹಿಡಿದರು. 2007ರ ಜನವರಿ 10ರಂದು ಇನ್ನೂ 20,000ಕ್ಕೂ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಘೋಷಿಸಿದರು. ಅವರಲ್ಲಿ ಹೆಚ್ಚಿನವರು ಹೋಗಬೇಕಾದದ್ದು ಬಾಗ್ದಾದಿಗೆ. ಮೊದಲು ರಾಜಧಾನಿ ಶಾಂತವಾಗಲಿ, ಆಗ ರಾಜಿಗೆ ಜಾಗ ಸಿಗುತ್ತದೆ ಎನ್ನುವುದು ಅವರ ಲೆಕ್ಕ.

ಸಂಸತ್ತು ಹಣದ ಮಸೂದೆಯಲ್ಲೇ ತಾರೀಕು ಬರೆಯಿತು. ಸುಮಾರು 12,400 ಕೋಟಿ ಡಾಲರ್‌ಗಳ ಮಸೂದೆ ಅದು. ವಾಪಸಾತಿ ತಡವೆಂದರೆ 2007ರ ಅಕ್ಟೋಬರ್ 1ಕ್ಕೆ ಶುರುವಾಗಬೇಕು, 180 ದಿನಗಳಲ್ಲಿ ಮುಗಿಸುವ ಗುರಿ ಇರಬೇಕು ಎಂದಿತ್ತು. ಶುರುವಿನ ದಿನ ಗಟ್ಟಿ, ಮುಗಿಯುವ ದಿನ ಮೆದು. ಯುದ್ಧ ವಿರೋಧಿಗಳನ್ನೂ ಅನುಮಾನದಲ್ಲಿದ್ದವರನ್ನೂ ಒಂದೇ ಮಸೂದೆಯ ಹಿಂದೆ ನಿಲ್ಲಿಸಲು ಮಾಡಿಕೊಂಡ ಹೊಂದಾಣಿಕೆ ಇದು. ಅಷ್ಟಾದರೂ ಪ್ರತಿನಿಧಿ ಸಭೆಯಲ್ಲಿ 218–208, ಸೆನೆಟ್‌ನಲ್ಲಿ 51–46. ಮತಗಳು ಬಹುತೇಕ ಪಕ್ಷದ ಗೆರೆಯಲ್ಲೇ ಬಿದ್ದವು. ರಿಪಬ್ಲಿಕನ್ ಪಕ್ಷದಿಂದ ಈಚೆ ಬಂದ ಬೆರಳೆಣಿಕೆಯ ಸೆನೆಟರ್‌ಗಳಲ್ಲಿ ಒಬ್ಬರು ಚಕ್ ಹೇಗಲ್. ಅವರು ವಿಯೆಟ್ನಾಂನಲ್ಲಿ ಕಾದಾಡಿ ಗಾಯಗೊಂಡಿದ್ದವರು.

ಮೇ 1ರಂದು ಬುಷ್ ವೀಟೊ ಹಾಕಿದರು. ಮರುದಿನ ಪ್ರತಿನಿಧಿ ಸಭೆ ಅದನ್ನು ಮೀರಲು ನೋಡಿತು. 222–203. ಬಹುಮತ ಇತ್ತು, ಬೇಕಾಗಿದ್ದ 284 ಇರಲಿಲ್ಲ. ಮೇ ಕೊನೆಯಲ್ಲಿ ಗಡುವಿಲ್ಲದ ಮಸೂದೆ ಪಾಸಾಯಿತು. ಇರಾಕ್ ಸರ್ಕಾರ ಮುಟ್ಟಬೇಕಾದ 18 ಗುರಿಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ಜುಲೈನಲ್ಲಿ ಸೆನೆಟ್ ರಾತ್ರಿಯಿಡೀ ಕೂತು ಇನ್ನೊಂದು ಗಡುವನ್ನು ಚರ್ಚಿಸಿತು. ಅಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲೇ 60 ಮತ ಬೇಕು. ಬಿದ್ದದ್ದು 52. ಸೆಪ್ಟೆಂಬರ್‌ನಲ್ಲಿ ಸೆನೆಟರ್ ಜಿಮ್ ವೆಬ್ ಬಳಸುದಾರಿ ಹಿಡಿದರು. ಸೈನಿಕ ರಣರಂಗದಲ್ಲಿ ಎಷ್ಟು ದಿನ ಇರುತ್ತಾನೋ ಅಷ್ಟು ದಿನವಾದರೂ ಮನೆಯಲ್ಲಿರಲು ಬಿಡಬೇಕು ಎಂಬ ತಿದ್ದುಪಡಿ ಅವರದು. ಅದು ಜಾರಿಯಾಗಿದ್ದರೆ ತಾರೀಕು ಹೇಳದೆಯೇ ಸೇನೆಯ ಸಂಖ್ಯೆ ಇಳಿಯುತ್ತಿತ್ತು. 56 ಮತ ಬಂತು, ಸಾಲಲಿಲ್ಲ.

ಹೀಗೆ ಎರಡೂ ಮನೆಗಳಲ್ಲಿ ಬಹುಮತ ಇದ್ದರೂ ಸಂಸತ್ತಿಗೆ ಒಂದು ತಾರೀಕು ಬರೆಸಲು ಆಗಲಿಲ್ಲ. ಅದೇ ವರ್ಷ ಇರಾಕ್‌ನಲ್ಲಿ ಸತ್ತ ಅಮೆರಿಕದ ಸೈನಿಕರು 900ಕ್ಕೂ ಹೆಚ್ಚು. ಆ ಯುದ್ಧದಲ್ಲಿ ಅವರಿಗೆ ಅದಕ್ಕಿಂತ ಕೆಟ್ಟ ವರ್ಷ ಇನ್ನೊಂದಿಲ್ಲ.

ಒಂದೇ ಪಟ್ಟಿ, ಎರಡು ಬಗೆಯ ಅಂಕ

ಆ 18 ಗುರಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತಾರೀಕು ಬೇಡ, ಷರತ್ತು ಸಾಕು ಎನ್ನುವ ದಾರಿಯಲ್ಲಿ ಏನಾಗುತ್ತದೆ ಎಂದು ಇಲ್ಲಿ ಚೆನ್ನಾಗಿ ಕಾಣುತ್ತದೆ. ತೈಲದ ಆದಾಯವನ್ನು ಎಲ್ಲ ಸಮುದಾಯಗಳಿಗೂ ಹಂಚುವ ಕಾನೂನು, ಪ್ರಾಂತ್ಯಗಳ ಚುನಾವಣೆ, ಸದ್ದಾಂ ಕಾಲದ ಬಾತ್ ಪಕ್ಷದವರನ್ನು ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿಸಿಕೊಳ್ಳುವ ನಿಯಮ, ಇಂಥವು ಆ ಪಟ್ಟಿಯಲ್ಲಿದ್ದವು.

ಜುಲೈನಲ್ಲಿ ಶ್ವೇತಭವನ ಅಂಕ ಕೊಟ್ಟಿತು. 8ರಲ್ಲಿ ತೃಪ್ತಿಕರ, 8ರಲ್ಲಿ ಅತೃಪ್ತಿಕರ, 2ರಲ್ಲಿ ಹೀಗೂ ಇಲ್ಲ ಹಾಗೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಅಂಕ ಕೊಟ್ಟಿತು. ಅದರ ಪ್ರಕಾರ ಮುಟ್ಟಿದ್ದು 3, ಅರ್ಧಂಬರ್ಧ 4, ಮುಟ್ಟದ್ದು 11. ಯಾರೋ ಸುಳ್ಳು ಹೇಳಿದ್ದಾರೆ ಅಂತ ಸುಮ್ನೆ ಅನ್ನಲಾಗದು. ಗುರಿಯ ಕಡೆಗೆ ಹೆಜ್ಜೆ ಬೀಳುತ್ತಿದೆಯೇ ಎಂದು ಶ್ವೇತಭವನ ನೋಡಿತ್ತು. ಗುರಿ ಮುಟ್ಟಿದೆಯೇ ಎಂದು ಲೆಕ್ಕಪರಿಶೋಧಕರು ನೋಡಿದ್ದರು. ತಾರೀಕಾದರೆ ಕ್ಯಾಲೆಂಡರ್ ನೋಡಿ ಯಾರು ಬೇಕಾದರೂ ಹೇಳಬಹುದು. ಷರತ್ತಿಗೆ ತೀರ್ಪುಗಾರ ಬೇಕು, ತೀರ್ಪುಗಾರ ಯಾರು ಎನ್ನುವಲ್ಲಿ ಮತ್ತೆ ಪಕ್ಷ ಬಂದು ಕೂರುತ್ತದೆ.

ಎರಡೂ ಕಡೆಯ ವಾದ

ಗಡುವಿನ ಮಾತನ್ನು ಬೇರೆ ಬೇರೆ ಜನ ಕೇಳಿಸಿಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಅದರ ಅರ್ಥ ಬೇರೆ.

ಮೊದಲು ಶತ್ರು. ಗಡುವನ್ನು ವಿರೋಧಿಸಿದವರ ದೊಡ್ಡ ವಾದ ಇದು. ಹೊರಡುವ ದಿನ ಗೊತ್ತಾದರೆ ಅವನು ಆಯುಧ ಬಚ್ಚಿಟ್ಟು ಕಾಯುತ್ತಾನೆ. ನೀವು ಹೊರಟ ಮರುದಿನ ಬೀದಿಗೆ ಬರುತ್ತಾನೆ. ಬುಷ್ ಮತ್ತು ಸೆನೆಟರ್ ಜಾನ್ ಮೆಕೇನ್ ಇದನ್ನೇ ಮತ್ತೆ ಮತ್ತೆ ಹೇಳಿದರು.

ಎರಡನೆಯದು ಅಲ್ಲಿನ ಸರ್ಕಾರ. ಗಡುವು ಕೇಳಿದವರ ದೊಡ್ಡ ವಾದ ಇಲ್ಲಿದೆ. ಅಮೆರಿಕದ ಸೇನೆ ಎಷ್ಟು ದಿನ ಬೇಕಾದರೂ ಇರುತ್ತದೆ ಎಂದರೆ ಬಾಗ್ದಾದಿನ ನಾಯಕರಿಗೆ ರಾಜಿಯ ಅವಸರವೇ ಇರುವುದಿಲ್ಲ. ದಿನ ಹೇಳಿದರೆ ಮಾತ್ರ ಅವರು ತಮ್ಮ ಸೇನೆ, ಪೊಲೀಸರನ್ನು ಗಟ್ಟಿ ಮಾಡಿಕೊಳ್ಳುತ್ತಾರೆ.

ಮೂರನೆಯವರು ಅಲ್ಲಿನ ಸಾಮಾನ್ಯ ಜನ. ಇವರ ಮಾತು ಚರ್ಚೆಯಲ್ಲಿ ಕಡಿಮೆ ಬರುತ್ತದೆ. ನನ್ನ ಪ್ರಕಾರ ಜಾಸ್ತಿ ಬರಬೇಕಾದದ್ದು ಇವರದೇ. ಅಮೆರಿಕದವರಿಗೆ ದುಭಾಷಿಯಾಗಿ ಕೆಲಸ ಮಾಡುವವನು, ಉಗ್ರರ ಸುಳಿವು ಕೊಡುವ ಅಂಗಡಿಯವನು, ಹೊಸ ಸರ್ಕಾರದಲ್ಲಿ ಕೆಲಸ ಹಿಡಿದ ಶಿಕ್ಷಕಿ. ಸೇನೆ ಹೊರಡುವ ದಿನ ಗೊತ್ತಾದ ಕೂಡಲೇ ಇವರೆಲ್ಲ ಮರುದಿನದ ಬದುಕಿನ ಲೆಕ್ಕ ಹಾಕಲೇಬೇಕು. ಜೀವ ಉಳಿಯಬೇಕಾದರೆ ಕೆಲವರು ಈಗಿನಿಂದಲೇ ಇನ್ನೊಂದು ಕಡೆಯ ಜೊತೆ ಮಾತು ಶುರು ಮಾಡುತ್ತಾರೆ.

ಇನ್ನು ಸೈನಿಕರ ಮನೆಯವರು. 2007ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಸೈನಿಕರ ಒಂದು ಸರದಿಯನ್ನು 12 ತಿಂಗಳಿಂದ 15 ತಿಂಗಳಿಗೆ ಏರಿಸಿದರು. ಮಗ ಯುಗಾದಿಗೆ ಬರುತ್ತಾನೆ ಅಂದುಕೊಂಡಿದ್ದ ಮನೆಗೆ, ಇಲ್ಲ, ಇನ್ನೂ ಮೂರು ತಿಂಗಳು ಎಂದು ಹೇಳಿದರೆ ಹೇಗಾಗುತ್ತದೆ ಯೋಚಿಸಿ. ಅಲ್ಲಿನ ಹಬ್ಬದ ಹೆಸರು ಬೇರೆ, ಅಷ್ಟೇ.

ಸಂಸತ್ತಿಗೆ ಆಗದ್ದು ಬಾಗ್ದಾದಿಗೆ ಆಯಿತು

ಅಷ್ಟು ಗುದ್ದಾಡಿ ಸಿಗದ ತಾರೀಕು ಮುಂದಿನ ವರ್ಷವೇ ಸಿಕ್ಕಿತು. ಸಹಿ ಹಾಕಿದ್ದು ಬುಷ್ ಸರ್ಕಾರವೇ.

ಇರಾಕ್‌ನಲ್ಲಿ ಅಮೆರಿಕದ ಸೇನೆ ಇರಲು ವಿಶ್ವಸಂಸ್ಥೆ ಕೊಟ್ಟಿದ್ದ ಅನುಮತಿ 2008ರ ಕೊನೆಗೆ ಮುಗಿಯುತ್ತಿತ್ತು. ಮುಂದೆಯೂ ಇರಬೇಕಾದರೆ ಇರಾಕ್ ಜೊತೆ ಒಪ್ಪಂದ ಬೇಕು. ಪ್ರಧಾನಿ ನೂರಿ ಅಲ್ ಮಲಿಕಿ ಸರ್ಕಾರ ದಿನ ಬರೆಯದೆ ಒಪ್ಪುವುದಿಲ್ಲ ಎಂದಿತು. ಅವರಿಗೂ ಎದುರಿಗೆ ಚುನಾವಣೆ ಇತ್ತು. ಕೊನೆಗೆ ನವೆಂಬರ್‌ನಲ್ಲಿ ಒಪ್ಪಂದವಾಯಿತು. 2009ರ ಜೂನ್ 30ರೊಳಗೆ ಊರುಗಳಿಂದ ಹೊರಗೆ, 2011ರ ಡಿಸೆಂಬರ್ 31ರೊಳಗೆ ದೇಶದಿಂದಲೇ ಹೊರಗೆ. ಅಷ್ಟು ಹೊತ್ತಿಗೆ ಹಿಂಸೆ ಸಾಕಷ್ಟು ಇಳಿದಿತ್ತು. ಹೆಚ್ಚುವರಿ ಸೇನೆಯಿಂದ ಇಳಿಯಿತೋ, ಅಲ್ ಕೈದಾ ವಿರುದ್ಧ ತಿರುಗಿಬಿದ್ದ ಸುನ್ನಿ ಬುಡಕಟ್ಟುಗಳಿಂದಲೋ, ಶಿಯಾ ನಾಯಕ ಮುಕ್ತದಾ ಅಲ್ ಸದರ್ ಘೋಷಿಸಿದ ಕದನ ವಿರಾಮದಿಂದಲೋ ಎಂದು ತಜ್ಞರು ಇವತ್ತಿಗೂ ವಾದಿಸುತ್ತಾರೆ. ಮೂರೂ ಆ ಹೊತ್ತಿನಲ್ಲೇ ಕೂಡಿಬಂದವು.

ನಂತರ ಬಂದ ಬರಾಕ್ ಒಬಾಮ ಆ ಒಪ್ಪಂದವನ್ನೇ ಪಾಲಿಸಿದರು. ಕೆಲವು ಸಾವಿರ ಸೈನಿಕರನ್ನು ಉಳಿಸುವ ಮಾತುಕತೆ 2011ರಲ್ಲಿ ನಡೆಯಿತು. ಅವರ ಮೇಲೆ ಇರಾಕ್ ನ್ಯಾಯಾಲಯಗಳಲ್ಲಿ ಮೊಕದ್ದಮೆ ಹೂಡುವಂತಿಲ್ಲ ಎಂದು ಅಮೆರಿಕ ಕೇಳಿತು. ಇರಾಕ್ ಒಪ್ಪಲಿಲ್ಲ. ಡಿಸೆಂಬರ್ 18ರಂದು ಕೊನೆಯ ವಾಹನಗಳು ಕುವೈತ್ ಗಡಿ ದಾಟಿದವು.

2014ರ ಜೂನ್‌ನಲ್ಲಿ ಐಎಸ್ ಉಗ್ರರು ಮೊಸುಲ್ ನಗರ ಹಿಡಿದರು. ಅಲ್ಲಿ ಕೆಲಸಕ್ಕಿದ್ದ 39 ಭಾರತೀಯರನ್ನು ಒಯ್ದು ಕೊಂದರು. ಅಮೆರಿಕದ ಸೈನಿಕರು ಮತ್ತೆ ಇರಾಕ್‌ಗೆ ಹೋದರು. ಒಬಾಮ ಬೇಗ ಹೊರಟರು, ಅದಕ್ಕೇ ಹೀಗಾಯಿತು ಎಂದರು ರಿಪಬ್ಲಿಕನ್ನರು. ಆ ದಿನ ಬರೆದದ್ದು ಬುಷ್ ಅಲ್ಲವೇ ಎಂದರು ಡೆಮಾಕ್ರಟರು. ಎರಡರಲ್ಲೂ ನಿಜವಿದೆ, ಎರಡೂ ಪೂರ್ತಿ ಅಲ್ಲ. ಸುನ್ನಿಗಳನ್ನು ದೂರ ತಳ್ಳಿದ ಮಲಿಕಿ ಸರ್ಕಾರದ ಪಾಲು ಈ ಜಗಳದಲ್ಲಿ ಮರೆತೇ ಹೋಗುತ್ತದೆ.

ಕುರ್ಚಿ ಬದಲಾದಾಗ ವಾದವೂ ಬದಲಾಗುತ್ತದೆ

ಗಡುವು ಕೇಳುವುದು ಡೆಮಾಕ್ರಟರು, ವಿರೋಧಿಸುವುದು ರಿಪಬ್ಲಿಕನ್ನರು ಎಂದುಕೊಂಡರೆ ತಪ್ಪಾಗುತ್ತದೆ. 1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ 18 ಅಮೆರಿಕನ್ ಸೈನಿಕರು ಸತ್ತರು. ಆಗ ಅಧ್ಯಕ್ಷರು ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್. ಕೂಡಲೇ ವಾಪಸ್ ಕರೆಸಿ ಎಂದವರಲ್ಲಿ ರಿಪಬ್ಲಿಕನ್ ಪಕ್ಷದ ಅದೇ ಜಾನ್ ಮೆಕೇನ್ ಮುಂದಿದ್ದರು. ಕ್ಲಿಂಟನ್ 1994ರ ಮಾರ್ಚ್ 31 ಎಂದರು. ಸಂಸತ್ತು ಅದೇ ದಿನವನ್ನು ಹಣದ ಕಾನೂನಿನಲ್ಲಿ ಬರೆಯಿತು. ಅಧ್ಯಕ್ಷರೂ ಸಂಸತ್ತೂ ಒಂದೇ ದಿನಕ್ಕೆ ಒಪ್ಪಿದ್ದರಿಂದ ಅದು ನಡೆಯಿತು. ಸೊಮಾಲಿಯಾ ಮತ್ತು ಇರಾಕ್ ಒಂದೇ ತೂಕದ ಯುದ್ಧಗಳಲ್ಲ ಎನ್ನುವುದನ್ನೂ ಹೇಳಬೇಕು.

ಅಫ್ಗಾನಿಸ್ತಾನದಲ್ಲಂತೂ ಪಾತ್ರಗಳೇ ಅದಲುಬದಲಾದವು. 2020ರ ಫೆಬ್ರುವರಿ 29ರಂದು ದೋಹಾದಲ್ಲಿ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡು, 14 ತಿಂಗಳಲ್ಲಿ ಹೊರಡುತ್ತೇವೆ ಎಂದದ್ದು ರಿಪಬ್ಲಿಕನ್ ಡೊನಾಲ್ಡ್ ಟ್ರಂಪ್ ಸರ್ಕಾರ. ಕಾಬೂಲ್‌ನ ಸರ್ಕಾರ ಆ ಒಪ್ಪಂದದಲ್ಲಿ ಇರಲೇ ಇಲ್ಲ. ಈ ಸಲ ಸಂಸತ್ತು ಅವಸರದ ವಾಪಸಾತಿಗೆ ಅಡ್ಡ ನಿಂತಿತು. ಸೇನೆ ಇಳಿಸುವುದಕ್ಕೆ ಷರತ್ತು ಹಾಕುವ ಅಂಶವನ್ನು ರಕ್ಷಣಾ ಮಸೂದೆಯಲ್ಲಿ ಸೇರಿಸಿತು. ಬೇರೆ ಕಾರಣಗಳ ಜೊತೆ ಇದನ್ನೂ ಹೇಳಿ ಟ್ರಂಪ್ ವೀಟೊ ಹಾಕಿದರು. 2021ರ ಜನವರಿ 1ರಂದು ಎರಡೂ ಪಕ್ಷಗಳು ಸೇರಿ ಆ ವೀಟೊ ಮೀರಿದವು. ಆದರೂ ಜನವರಿ ಮಧ್ಯದ ಹೊತ್ತಿಗೆ ಸೈನಿಕರ ಸಂಖ್ಯೆ 2,500ಕ್ಕೆ ಇಳಿದಿತ್ತು. ವೀಟೊ ಮೀರುವಷ್ಟು ಮತ ಇದ್ದರೂ ದಂಡು ಎಲ್ಲಿರಬೇಕು ಎಂದು ಕೊನೆಗೆ ನಿರ್ಧರಿಸಿದ್ದು ಅಧ್ಯಕ್ಷರೇ.

ಬೈಡನ್ ಬಂದು ಗಡುವನ್ನು ಮೊದಲು ಸೆಪ್ಟೆಂಬರ್ 11ಕ್ಕೆ ಮುಂದೂಡಿದರು, ಆಮೇಲೆ ಆಗಸ್ಟ್ 31 ಎಂದರು. ಆಗಸ್ಟ್ 15ರಂದೇ ಕಾಬೂಲ್ ಬಿತ್ತು. 26ರಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ನಡೆದ ಸ್ಫೋಟದಲ್ಲಿ 13 ಅಮೆರಿಕನ್ ಸೈನಿಕರು ಮತ್ತು ಸುಮಾರು 170 ಅಫ್ಗನ್ನರು ಸತ್ತರು. ಆ ವಾರಗಳಲ್ಲಿ ಕರಾವಳಿಯ ಮನೆಗಳಲ್ಲೂ ಆತಂಕ ಇತ್ತು. ಮಂಗಳೂರು ಕಡೆಯ ಕೆಲವರು ಅಲ್ಲಿನ ವಿದೇಶಿ ಸೇನಾ ನೆಲೆಗಳಲ್ಲಿ ಕೆಲಸಕ್ಕಿದ್ದರು. ಭಾರತೀಯರನ್ನು ಕರೆತಂದ ಕಾರ್ಯಾಚರಣೆಯ ದಿನಗಳಲ್ಲಿ ಅವರು ಮನೆ ಸೇರಿದರು.

ನಮ್ಮ ಸೇನೆಗೂ ಒಮ್ಮೆ ಗಡುವು ಬಿದ್ದಿತ್ತು

ಭಾರತದ ಶಾಂತಿ ಪಾಲನಾ ಪಡೆ ಶ್ರೀಲಂಕಾಕ್ಕೆ ಹೋದದ್ದು 1987ರ ಜುಲೈ 29ರ ಒಪ್ಪಂದದ ಮೇಲೆ. ಎಲ್‌ಟಿಟಿಇ ಜೊತೆ ಕಾದಾಡಬೇಕಾಗಿ ಬಂದು ನಮ್ಮ ಸುಮಾರು 1,200 ಯೋಧರು ಜೀವ ತೆತ್ತರು. ಶ್ರೀಲಂಕಾದ ಹೊಸ ಅಧ್ಯಕ್ಷ ರಣಸಿಂಘೆ ಪ್ರೇಮದಾಸ 1989ರ ಜೂನ್‌ನಲ್ಲಿ ಬಹಿರಂಗವಾಗಿಯೇ ಗಡುವು ಹಾಕಿದರು. ಜುಲೈ 29ರೊಳಗೆ ಪೂರ್ತಿ ಖಾಲಿ ಮಾಡಿ ಎಂದರು. ಹೀಗೆ ಒಂದೇ ಕಡೆಯಿಂದ ದಿನ ಹೇರಿದರೆ ಒಪ್ಪುವುದಿಲ್ಲ ಎಂದು ರಾಜೀವ್ ಗಾಂಧಿ ಸರ್ಕಾರ ಉತ್ತರಿಸಿತು. ಸೆಪ್ಟೆಂಬರ್‌ನಲ್ಲಿ ಡಿಸೆಂಬರ್ 31 ಎಂದು ರಾಜಿಯಾಯಿತು. ನಡುವೆ ಚುನಾವಣೆ ಬಂದು ವಿ.ಪಿ. ಸಿಂಗ್ ಪ್ರಧಾನಿಯಾದರು. ಕೊನೆಯ ತುಕಡಿ 1990ರ ಮಾರ್ಚ್ 24ರಂದು ಹೊರಟಿತು.

ಇಲ್ಲಿ ದಿನ ನಿಗದಿಯಾದದ್ದು ಎರಡು ಸರ್ಕಾರಗಳ ನಡುವಿನ ಮಾತಿನಲ್ಲಿ. ಗಡುವು ಹೇಳುವ ಮಸೂದೆ ಲೋಕಸಭೆಯಲ್ಲಿ ಮತಕ್ಕೆ ಬರಲಿಲ್ಲ. ಯಾವ ಸದಸ್ಯರು ಯಾವ ದಿನಕ್ಕೆ ಕೈ ಎತ್ತಿದರು ಎಂದು ಹುಡುಕಿದರೆ ನಮ್ಮಲ್ಲಿ ದಾಖಲೆ ಸಿಗುವುದಿಲ್ಲ. ವಾಷಿಂಗ್ಟನ್ನಿನಲ್ಲಿ ಪ್ರತಿಯೊಬ್ಬರ ಮತವೂ ಹೆಸರಿನ ಸಮೇತ ದಾಖಲಾಗಿದೆ. ಅದನ್ನು ಹಿಡಿದೇ ಜನ ಪ್ರಶ್ನೆ ಕೇಳಿದರು. 2002ರ ಆ ಒಂದು 'ಹೌದು' 2008ರ ಅಧ್ಯಕ್ಷ ಸ್ಥಾನದ ಪೈಪೋಟಿಯಲ್ಲಿ ಹಿಲರಿ ಕ್ಲಿಂಟನ್ ಅವರನ್ನು ಕೊನೆಯವರೆಗೂ ಬೆನ್ನಟ್ಟಿತು.